ಹೊಸ ಪ್ರೊಸೆಸರ್ ಹಾಕಿದ್ಮೇಲೆ ಫ್ಯಾನ್ ತಿರುಗತ್ತೆ, ಡಿಸ್ಪ್ಲೇ ಮಾತ್ರ ಬರ್ತಿಲ್ಲ, ಯಾರಾದ್ರೂ ಹೇಳಿ

ಕಪ್ಪುಪರದೆ:
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ ಅದಕ್ಕೆ ಇಲ್ಲಿ ಕೇಳ್ತಿದೀನಿ. ನಂದು ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಎರಡು, 550 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ), ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆ. ಇಷ್ಟು ವರ್ಷದಲ್ಲಿ ಒಂದಿನ ಕೈ ಕೊಟ್ಟಿಲ್ಲ. ಶನಿವಾರ ಬಿಡುವಾಗಿ ಕೂತು ರೈಜನ್ 5 5600 ಹಾಕ್ದೆ, ಹೇಗೂ ಬಿಚ್ಚಿದೀನಲ್ಲ ಅಂತ ಇನ್ನೆರಡು 8 ಜಿಬಿ ರ‍್ಯಾಮೂ ಹಾಕ್ದೆ, ಬೋರ್ಡ್ ಮೇಲೇ ಕೂರೋ ಎಂ.2 ಎಸ್‌ಎಸ್‌ಡಿ ಡಿಸ್ಕೂ ಒಂದು ಸಿಗಿಸ್ದೆ. ಬಟನ್ ಒತ್ತಿದ್ರೆ ಫ್ಯಾನ್ ಎಲ್ಲ ತಿರುಗತ್ತೆ, ಲೈಟೂ ಬರತ್ತೆ, ಆದ್ರೆ ಮಾನಿಟರ್ ನೋ ಸಿಗ್ನಲ್ ಅಂತ ಹೇಳಿ ಮಲಗಿಬಿಡತ್ತೆ. ಬೀಪ್ ಇಲ್ಲ. ಕೀಬೋರ್ಡಲ್ಲಿ ಕ್ಯಾಪ್ಸ್ ಲಾಕ್ ಒತ್ತಿದ್ರೆ ಲೈಟೂ ಹತ್ತಲ್ಲ. ಪ್ರೊಸೆಸರ್ ಬಂದಿದ್ದೇ ಡೆಡ್ ಪೀಸಾ? ವಾಪಸ್ ಕಳ್ಸೋಕೆ ಇನ್ನು ನಾಲ್ಕೇ ದಿನ ಟೈಮ್ ಇದೆ.

ಧೂಳುಫ್ಯಾನ್:
ಎಸ್‌ಎಂಪಿಎಸ್ ಹೋಗಿದೆ. ಕಣ್ಮುಚ್ಚಿ ಬದಲಾಯಿಸು.

ನಿದ್ದೆಗೆಟ್ಟವ:
ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದೀಯ ಗುರು? ಮದರ್‌ಬೋರ್ಡಿಂದಕ್ಕೋ ಕಾರ್ಡಿಂದಕ್ಕೋ? 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಈ ಸರಣೀಲಿ ಹೆಸರಿನ ಕೊನೇಲಿ ಜಿ ಇರೋದಕ್ಕೆ ಮಾತ್ರ ಇರೋದು. ನಗಬೇಡಿ ಯಾರೂ, ನಾನೇ ಒಂದು ಸಂಜೆ ಪೂರ್ತಿ ಇದೇ ಕೆಲಸ ಮಾಡಿ ಹಾಳು ಮಾಡಿದೀನಿ.

ಕಪ್ಪುಪರದೆ:
ಇಲ್ಲ ಅಣ್ಣ ಕಾರ್ಡಿಂದಕ್ಕೇ ಹಾಕಿರೋದು. ಹಳೆ ಪ್ರೊಸೆಸರಲ್ಲೂ ಒಳಗೆ ಗ್ರಾಫಿಕ್ಸ್ ಇರ್ಲಿಲ್ಲವಲ್ಲ, ಅದು ಗೊತ್ತು.

ಅರ್ಧರಾತ್ರಿಬಯೋಸ್:
ಒಂದೇ ಪ್ರಶ್ನೆ. ಹಳೆ ಪ್ರೊಸೆಸರ್ ತೆಗೆಯೋ ಮುಂಚೆ ಬಯೋಸ್ (ಆನ್ ಮಾಡಿದ ಕೂಡ್ಲೆ ಓಡೋ ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರಾ?

ಕಪ್ಪುಪರದೆ:
ಬಯೋಸ್ ಯಾವತ್ತೂ ಮುಟ್ಟಿಲ್ಲ. ಚೆನ್ನಾಗಿ ನಡೀತಿರೋದನ್ನ ಮುಟ್ಟಬಾರ್ದು ಅಂತಾರಲ್ಲ.

ಅರ್ಧರಾತ್ರಿಬಯೋಸ್:
ಸಿಕ್ತು ಬಿಡಿ ರೋಗ. ನಿಮ್ಮ ಬೋರ್ಡ್ ಹುಟ್ಟಿದ್ದು 2018ರಲ್ಲಿ. 5000 ಸರಣಿಯ ರೈಜನ್ ಬಂದಿದ್ದು 2020ರ ನವೆಂಬರಲ್ಲಿ, ನಿಮ್ಮ 5600 ಅಂತೂ 2022ರ ಏಪ್ರಿಲಲ್ಲಿ. ಸಾಕೆಟ್ (ಪ್ರೊಸೆಸರ್ ಕೂರೋ ಜಾಗ) ಎರಡಕ್ಕೂ ಎಎಂ4 ಆಗಿರೋದ್ರಿಂದ ಪಿನ್ ಸರಿಯಾಗಿ ಕೂತ್ಕೊಳತ್ತೆ, ಆದ್ರೆ ಬಯೋಸ್‌ಗೆ ಈ ಹೊಸಬ ಯಾರು ಅಂತಾನೇ ಗೊತ್ತಿಲ್ಲ. ಗೊತ್ತಿಲ್ಲದವನಿಗೆ ಬಾಗಿಲು ತೆಗೆಯಲ್ಲ, ಅಷ್ಟೇ. ಬೀಪ್ ಬರ್ಲಿಲ್ಲ ಅಂದ್ರಲ್ಲ, ಬೀಪ್ ಮಾಡೋಕೂ ಪ್ರೊಸೆಸರೇ ಓಡಬೇಕು ಕಣ್ರೀ. ಬೋರ್ಡ್ ಕಂಪನಿಯ ಪೇಜಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ಇರತ್ತೆ, ಪ್ರತಿ ಪ್ರೊಸೆಸರ್ ಪಕ್ಕದಲ್ಲೂ ಯಾವ ಬಯೋಸ್ ವರ್ಷನ್‌ನಿಂದ ನಡಿಯತ್ತೆ ಅಂತ ಬರೆದಿರ್ತಾರೆ. ಪ್ರೊಸೆಸರ್ ವಾಪಸ್ ಕಳಿಸೋ ಯೋಚನೆ ಸದ್ಯಕ್ಕೆ ಬಿಡಿ.

ಧೂಳುಫ್ಯಾನ್:
ಹೊಸ ಪ್ರೊಸೆಸರ್, ನಾಲ್ಕು ರ‍್ಯಾಮ್, ಎಸ್‌ಎಸ್‌ಡಿ, ಇಷ್ಟೆಲ್ಲ ಹಾಕಿ ಹಳೆ 550 ವ್ಯಾಟಲ್ಲಿ ಓಡ್ಸಿದ್ರೆ ಎಲ್ಲಿಂದ ಕರೆಂಟ್ ಬರಬೇಕು? ನಾನು ಹೇಳಿದ್ದು ಎಸ್‌ಎಂಪಿಎಸ್ಸೇ.

ತಂತಿಗಂಟು:
ರೀ ಧೂಳುಫ್ಯಾನ್ ಅವರೆ ಸ್ವಲ್ಪ ಲೆಕ್ಕ ನೋಡ್ರೀ. 2600 ಅದು 65 ವ್ಯಾಟ್ ಐತಿ, 5600 ಅದೂ 65 ವ್ಯಾಟ್ ಐತಿ. ಫುಲ್ ಜಗ್ಗಿದ್ರೂ ಸಾಕೆಟ್ಟಿಗೆ 88 ವ್ಯಾಟ್ ದಾಟಂಗಿಲ್ಲ. ಒಂದು ರ‍್ಯಾಮ್ ಕಡ್ಡಿ ಮೂರ್ನಾಕು ವ್ಯಾಟ್ ತಿಂತೈತಿ. ಗ್ರಾಫಿಕ್ಸ್ ಕಾರ್ಡ್ ಹಳೇದ ಐತಿ. ಹಂಗಿದ್ದಮ್ಯಾಲ ನಿನ್ನೆ ತನಕ ಸಾಕಾಗಿದ್ದ 550 ಇವತ್ತ ಯಾಕ ಸಾಲಂಗಿಲ್ಲ? ಅದ್ರಾಗ ಲೋಡ್ ಬಿದ್ದಾಗ ಕೈ ಕೊಡೋದು ಬ್ಯಾರೆ, ಇದು ಬಯೋಸ್ ಪರದೇನ ಕಾಣವಲ್ದು.

ಧೂಳುಫ್ಯಾನ್:
ಹಳೇದಾದ್ರೆ ಎಸ್‌ಎಂಪಿಎಸ್ ತಾಕತ್ತು ಕಮ್ಮಿ ಆಗತ್ತೆ ಸಾರ್. ಪೇಪರ್ ಕ್ಲಿಪ್ ಟೆಸ್ಟ್ ಮಾಡ್ಲಿ, ಗೊತ್ತಾಗತ್ತೆ.

ತಂತಿಗಂಟು:
24 ಪಿನ್ನಿನ ಹಸಿರು ವೈರಿಗೂ ಕರೀ ವೈರಿಗೂ ಕ್ಲಿಪ್ ಹಾಕಿದ್ರ ಎಸ್‌ಎಂಪಿಎಸ್ ಆನ್ ಆಕ್ಕತಿ ಅಂತ ಗೊತ್ತಾಕ್ಕತಿ, ಅಷ್ಟ. ಲೋಡ್ ತಡೀತೈತೋ ಇಲ್ಲೋ ಅದ್ರಾಗ ತಿಳಿಯಂಗಿಲ್ಲ. ಮತ್ತ ಇವರದು ಆನ್ ಆಗಾಕತ್ತೈತಿ, ಫ್ಯಾನ್ ತಿರುಗಾಕತ್ತಾವು, ಕ್ಲಿಪ್ ಹಾಕಿ ಏನ್ ನೋಡೋದು?

ಸುಮ್ನೆಓದೋಳು:
ಅರ್ಧ ಸೆಕೆಂಡ್ ತಿರುಗಿ ನಿಂತ್ಹೋದ್ರೆ ಎಸ್‌ಎಂಪಿಎಸ್ ಇಲ್ಲಾ ಶಾರ್ಟ್. ತಿರುಗ್ತಾನೇ ಇದ್ದು ಪರದೆ ಬರ್ದಿದ್ರೆ ರ‍್ಯಾಮ್, ಪ್ರೊಸೆಸರ್, ಬಯೋಸ್. ಪರದೆ ಬಂದು ಆಮೇಲೆ ನಿಂತ್ರೆ ಡಿಸ್ಕ್. ನೂರಕ್ಕೆ ನೂರು ಸರಿ ಅಲ್ಲ, ಆದ್ರೂ ನಾನು ಅಲ್ಲಿಂದ ಶುರು ಮಾಡ್ತೀನಿ.

ಬೀಪ್‌ಕಾಲದವ:
ಮದರ್‌ಬೋರ್ಡ್ ಮೇಲೆ ಚಿಕ್ಕ ಲೈಟ್ ನಾಲ್ಕು ಇರ್ತವೆ ನೋಡಪ್ಪ, ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಅಂತ. ಯಾವುದು ಉರಿದು ನಿಂತಿದೆ? ನಮ್ಮ ಕಾಲದಲ್ಲಿ ಬೀಪ್ ಎಣಿಸ್ತಿದ್ವಿ. ಈಗ ಕ್ಯಾಬಿನೆಟ್ ಜೊತೆ ಸ್ಪೀಕರ್ರೇ ಕೊಡಲ್ಲ, ನಾಲ್ಕು ಪಿನ್ನಿನ ಗುಂಡಿಯಂಥ ಸ್ಪೀಕರ್ ಒಂದು ಇಟ್ಕೊಂಡ್ರೆ ಎಷ್ಟೋ ರಾತ್ರಿ ನಿದ್ದೆ ಉಳಿಯತ್ತೆ.

ಕಪ್ಪುಪರದೆ:
ದಪ್ಪ ವೈರ್ ಪಕ್ಕ ಕೆಂಪು ಲೈಟ್ ಒಂದು ಉರೀತಿದೆ. ಅದು ಯಾವಾಗ್ಲೂ ಉರಿಯೋ ಲೈಟ್ ಅನ್ಕೊಂಡಿದ್ದೆ. ಈಗ ಟಾರ್ಚ್ ಹಾಕಿ ನೋಡ್ದೆ, ಸಿಪಿಯು ಅಂತ ಬರೆದಿದೆ.

ಅರ್ಧರಾತ್ರಿಬಯೋಸ್:
ನಾನು ಹೇಳ್ಲಿಲ್ವಾ. ಆದ್ರೂ ಮೇಲ್ಗಡೆ ಮೂಲೇಲಿ ಪ್ರೊಸೆಸರ್‌ಗೆ ಅಂತ ಇರೋ 8 ಪಿನ್ ಸರಿಯಾಗಿ ಕೂತಿದೆಯಾ ನೋಡ್ಕೊಳ್ಳಿ, ಅದು ಬಿಟ್ಟಿದ್ರೂ ಇದೇ ಲೈಟ್ ಬರಬಹುದು. ಅಲ್ಲಿಗೆ 4+4 ಕೇಬಲ್. 6+2 ಇರೋದು ಗ್ರಾಫಿಕ್ಸ್ ಕಾರ್ಡಿಂದು, ನೋಡೋಕೆ ಒಂದೇ ತರ ಇರತ್ತೆ, 12 ವೋಲ್ಟೂ ಗ್ರೌಂಡೂ ಅದಲು ಬದಲು. ಬಲವಂತ ಮಾಡಬೇಡಿ.

ಮುಗಿಯದಅಪ್‌ಗ್ರೇಡ್:
ಇದಕ್ಕೇ ನಾನು ಎಎಂಡಿ ತಗೊಳಲ್ಲ. ಪ್ರೊಸೆಸರ್ ಹಾಕೋಕೆ ಬಯೋಸ್, ಬಯೋಸ್ ಹಾಕೋಕೆ ಪ್ರೊಸೆಸರ್. ಕೋಳಿ ಮೊದ್ಲಾ ಮೊಟ್ಟೆ ಮೊದ್ಲಾ.

ಬೀಪ್‌ಕಾಲದವ:
ಇಂಟೆಲಲ್ಲಿ ಹೊಸ ಪ್ರೊಸೆಸರ್ ಅಂದ್ರೆ ಎಷ್ಟೋ ಸಲ ಬೋರ್ಡೇ ಹೊಸದು, ಅದಕ್ಕೆ ಈ ತಲೆನೋವು ನಿನಗೆ ಬಂದಿಲ್ಲ ಅಷ್ಟೇ. ಕೋಳಿ ಮೊಟ್ಟೆ ಮಾತು ಸುಳ್ಳಲ್ಲ ಬಿಡು. 2018ರಲ್ಲಿ 2200ಜಿ, 2400ಜಿ ಬಂದಾಗ ಎಷ್ಟೋ ಜನರ ಹೊಸ ಬೋರ್ಡ್ ಆನ್ ಆಗ್ದೆ, ಬಯೋಸ್ ಅಪ್‌ಡೇಟ್ ಮಾಡ್ಕೊಂಡು ವಾಪಸ್ ಕೊಡಿ ಅಂತ ಎಎಂಡಿಯವರೇ ಹಳೆ ಪ್ರೊಸೆಸರ್ ಸಾಲ ಕಳಿಸ್ತಿದ್ರು. ಇನ್ನೊಂದು ಗೊತ್ತಾ, 2020ರ ಮೇ ತಿಂಗಳಲ್ಲಿ ಬಿ450ಗೆ ಮುಂದಿನ ಪ್ರೊಸೆಸರ್ ಕೊಡೋದೇ ಇಲ್ಲ ಅಂದಿದ್ರು. ಜನ ಹಿಡಿದು ಉಗಿದ್ಮೇಲೆ ಅದೇ ತಿಂಗಳಲ್ಲಿ ಮಾತು ಬದಲಾಯಿಸಿದ್ರು. ಜನ ಸುಮ್ನಿದ್ದಿದ್ರೆ ಈ ಪೋಸ್ಟೇ ಇರ್ತಿರ್ಲಿಲ್ಲ.

ನಿದ್ದೆಗೆಟ್ಟವ:
ಬೋರ್ಡ್ ಹಿಂದ್ಗಡೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಅಂತ ಬಟನ್ ಇದೆಯಾ ನೋಡು. ಇದ್ರೆ ಬದುಕಿದೆ, ಪ್ರೊಸೆಸರ್ ಇಲ್ಲದೇನೂ ಪೆನ್‌ಡ್ರೈವಿಂದ ಬಯೋಸ್ ಹಾಕಬಹುದು. ಎಸ್‌ಎಂಪಿಎಸ್ ಕನೆಕ್ಟ್ ಆಗಿದ್ರೆ ಸಾಕು.

ಕಪ್ಪುಪರದೆ:
ಬಟನ್ ಇಲ್ಲ. ನಂದು ಬೇಸಿಕ್ ಬೋರ್ಡ್. 8 ಪಿನ್ ತೆಗೆದು ಹಾಕ್ದೆ, ಅದೇ ಕಥೆ. ಹಳೆ 2600 ಹಾಕಿ ಅಪ್‌ಡೇಟ್ ಮಾಡ್ತೀನಿ ಇವತ್ತು ರಾತ್ರಿ. ಎಲ್ರಿಗೂ ಥ್ಯಾಂಕ್ಸ್.

ಸುಮ್ನೆಓದೋಳು:
ಪ್ರೊಸೆಸರ್ ಮೇಲೆ ಪೇಸ್ಟಲ್ಲಿ ಅಂಟ್ಕೊಂಡಿರೋ ಹೀಟ್‌ಸಿಂಕ್ (ಅದನ್ನ ತಣ್ಣಗಿಡೋ ಲೋಹದ ಭಾಗ) ನೆಟ್ಟಗೆ ಮೇಲಕ್ಕೆ ಕಿತ್ಕೋಬೇಡಿ. ಎಡಕ್ಕೆ ಬಲಕ್ಕೆ ನಿಧಾನ ತಿರುಚಿ ಪೇಸ್ಟ್ ಬಿಟ್ಟಿದೆ ಅನ್ಸಿದ್ಮೇಲೆ ಎತ್ತಿ. ಎಎಂ4ರಲ್ಲಿ ಪಿನ್ ಇರೋದು ಪ್ರೊಸೆಸರ್ ಹೊಟ್ಟೆ ಕೆಳಗೆ, 1331 ಪಿನ್, ಲಿವರ್ ಹಾಕಿದ್ದಾಗ್ಲೂ ಹೀಟ್‌ಸಿಂಕ್‌ಗೆ ಅಂಟ್ಕೊಂಡು ಆಚೆ ಬಂದುಬಿಡತ್ತೆ.

ಕಪ್ಪುಪರದೆ:
ಈ ಮಾತು ಶನಿವಾರ ಹೇಳ್ಬೇಕಿತ್ತು ಮೇಡಂ. ಅವತ್ತೇ ಹಂಗೆ ಕಿತ್ಕೊಂಡು ಬಂದಿತ್ತು.

ಮುಗಿಯದಅಪ್‌ಗ್ರೇಡ್:
ಅಯ್ಯೋ ಶಿವನೇ

ಕಪ್ಪುಪರದೆ:
ದೊಡ್ಡ ತೊಂದ್ರೆ ಆಯ್ತು. 2600 ವಾಪಸ್ ಹಾಕ್ದೆ. ಅದೂ ಬರ್ತಿಲ್ಲ!! ಶುಕ್ರವಾರ ರಾತ್ರಿವರ್ಗೂ ಚೆನ್ನಾಗಿದ್ದ ಪ್ರೊಸೆಸರ್ ಇದು. ಬೋರ್ಡೇ ಸುಟ್ಟೋಯ್ತು ಅನ್ಸತ್ತೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದಂಗಾಯ್ತು ನಂದು.

ಧೂಳುಫ್ಯಾನ್:
ಎಸ್‌ಎಂಪಿಎಸ್ ಅಂದ್ರೆ ಎಲ್ರೂ ನನ್ಮೇಲೆ ಬಿದ್ರಿ. ಈಗ ಹೇಳಿ.

ಅರ್ಧರಾತ್ರಿಬಯೋಸ್:
ಒಂದ್ನಿಮಿಷ ತಡ್ಕೊಳ್ಳಿ ಎಲ್ರೂ. ಈಗ ಯಾವ ಲೈಟ್?

ಕಪ್ಪುಪರದೆ:
ಸಿಪಿಯು ಲೈಟ್ ಬಂದು ಹೋಯ್ತು. ಈಗ ಡಿರ‍್ಯಾಮ್ ಲೈಟ್ ನಿಂತಿದೆ, ಹಳದಿ.

ಅರ್ಧರಾತ್ರಿಬಯೋಸ್:
ಹಂಗಾದ್ರೆ ಬೋರ್ಡ್ ಸತ್ತಿಲ್ಲ, ಒಂದು ಮೆಟ್ಲು ಮುಂದಕ್ಕೆ ಹೋಗಿದೆ! ಮೊದ್ಲು ಪ್ರೊಸೆಸರಲ್ಲೇ ನಿಲ್ತಿತ್ತು, ಈಗ ರ‍್ಯಾಮಲ್ಲಿ ನಿಂತಿದೆ. ಅಂದ್ರೆ ನಿಮ್ಮ ಹತ್ರ ಎರಡು ರೋಗ ಒಟ್ಟಿಗೆ ಇತ್ತು, ಮೊದಲ್ನೇದು ಎರಡ್ನೇದನ್ನ ಮುಚ್ಕೊಂಡಿತ್ತು. ಮೂರು ಐಟಂ ಒಂದೇ ಸಲ ಹಾಕಿದ್ರೆ ಹೀಗೇ ಆಗೋದು, ಯಾವುದು ಕೆಡಿಸ್ತು ಅಂತ ಹೇಳೋಕೆ ದಾರೀನೇ ಇರಲ್ಲ. ಪ್ರೊಸೆಸರ್ ಪಿನ್ ನೋಡಿದ್ರಾ? ಬಾಗಿದ್ರೂ ಒಂದು ಕಡೆ ರ‍್ಯಾಮ್ ಕಾಣಲ್ಲ.

ಕಪ್ಪುಪರದೆ:
ಮೊಬೈಲಲ್ಲಿ ಜೂಮ್ ಮಾಡಿ ನಾಲ್ಕೂ ಕಡೆಯಿಂದ ಸಾಲು ಸಾಲಾಗಿ ನೋಡ್ದೆ. ಎಲ್ಲ ನೆಟ್ಟಗಿವೆ. ಬೋರ್ಡಿನ ಫೋಟೋನೂ ಹಾಕಿದೀನಿ ನೋಡಿ.

ಮುಗಿಯದಅಪ್‌ಗ್ರೇಡ್:
ಪುಣ್ಯ ಮಾಡಿದೀಯ. ನನ್ನ ತಮ್ಮ ಹೀಗೇ ಕಿತ್ತು ಮೂಲೇಲಿ ಆರು ಪಿನ್ ಮಲಗ್ಸಿದ್ದ. ಸೀಸದಕಡ್ಡಿ ಹಾಕೋ ಪೆನ್ಸಿಲ್ ಇರತ್ತಲ್ಲ, ಕಡ್ಡಿ ತೆಗೆದು ಅದರ ಖಾಲಿ ಮೂತಿಗೆ ಒಂದೊಂದೇ ಪಿನ್ ತೂರಿಸಿ ನಿಧಾನ ಎತ್ತಿ ನಿಲ್ಸಿದ್ವಿ. ಐದು ನಿಂತ್ವು. ಆರನೇದು ಮುರೀತು, ಆಮೇಲೆ ನೋಡಿದ್ರೆ ಅದು ಗ್ರೌಂಡ್ ಪಿನ್, ಅಂಥವು ನೂರಾರು ಇರೋದ್ರಿಂದ ಇವತ್ತಿಗೂ ಓಡ್ತಿದೆ ಆ ಪ್ರೊಸೆಸರ್. ಎರಡು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ ಅವನು, ತಪ್ಪು ಅವನದೇ ಆಗಿದ್ರೂ.

ತಂತಿಗಂಟು:
ನಾಕೂ ರ‍್ಯಾಮ್ ತಗೀರಿ. ಹಳೇದ ಒಂದ ಕಡ್ಡಿ ಹಾಕ್ರಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಸ್ಲಾಟಿಗೆ. ಕರೆಂಟ್ ಪ್ಲಗ್ ತಗದು ಬೋರ್ಡ್ ಮ್ಯಾಲಿನ ಸಿಆರ್2032 ಗುಂಡು ಬ್ಯಾಟರಿ ತಗದು, ಪವರ್ ಬಟನ್ ಹತ್ತ ಸೆಕೆಂಡ್ ಒತ್ತಿ ಹಿಡದು, ಐದ ಮಿನಿಟ್ ಬಿಟ್ಟ ಹಾಕ್ರಿ, ಬಯೋಸ್ ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗ್ತಾವು. ಮೊದಲ ಎಕ್ಸ್‌ಎಂಪಿ (ರ‍್ಯಾಮ್ ಜೋರ್ ಓಡಿಸೋ ಸೆಟ್ಟಿಂಗ್) ಆನ್ ಇಟ್ಟಿದ್ರ ಅದೂ ಹೋಗ್ಲಿ. ಅವಸರ ಮಾಡಬ್ಯಾಡ್ರಿ.

ಧೂಳುಫ್ಯಾನ್:
ಎರಡನೇದೇ ಯಾಕೆ? ಮೊದಲ್ನೇ ಸ್ಲಾಟ್ ಅಂತ ಇರೋದು ಮತ್ಯಾಕೆ?

ತಂತಿಗಂಟು:
ಒಂದೊಂದು ಚಾನಲ್ಲಿಗೆ (ಪ್ರೊಸೆಸರಿಂದ ರ‍್ಯಾಮಿಗೆ ಹೋಗೋ ದಾರಿ) ಎರಡು ಸ್ಲಾಟ್ ಒಂದ ತಂತಿ ಮ್ಯಾಲ ಇರ್ತಾವು. ಹತ್ತರದ್ದಕ್ಕ ಹಾಕಿ ದೂರದ್ದು ಖಾಲಿ ಬಿಟ್ರ, ಉಳದ ತುದಿಯಿಂದ ಸಿಗ್ನಲ್ ಬಡದು ವಾಪಸ್ ಬರ್ತೈತಿ. ಅದಕ್ಕ ದೂರದ್ದು ಮೊದಲು ತುಂಬೋದು. ಒಂದಿದ್ರ ಎರಡನೇದು, ಎರಡಿದ್ರ ಎರಡು ಮತ್ತ ನಾಕನೇದು.

ಧೂಳುಫ್ಯಾನ್:
ಇದು ಗೊತ್ತಿರ್ಲಿಲ್ಲ. ಸರಿ ಬಿಡಿ, ಒಪ್ಕೊಂಡೆ. ಎಸ್‌ಎಂಪಿಎಸ್ ವಿಷಯ ಇನ್ನೂ ಒಪ್ಪಿಲ್ಲ.

ಸುಮ್ನೆಓದೋಳು:
ಫೋಟೋ ಈಗ ದೊಡ್ಡದು ಮಾಡಿ ನೋಡ್ದೆ. ಮೂರನೇ ಕಡ್ಡಿಯ ಕೆಳತುದಿ, ಗ್ರಾಫಿಕ್ಸ್ ಕಾರ್ಡ್ ಕಡೇದು, ಮಿಕ್ಕಿದ್ದಕ್ಕಿಂತ ಒಂದು ಕೂದಲೆಳೆ ಎತ್ತರ ಇಲ್ವಾ? ನನ್ನ ಕಣ್ಣಿಗೆ ಹಂಗೆ ಕಾಣ್ತಿದೆ, ನೆರಳೂ ಇರಬಹುದು.

ನಿದ್ದೆಗೆಟ್ಟವ:
ನೆರಳಲ್ಲ, ಎದ್ದಿದೆ! ಈ ಬೋರ್ಡಲ್ಲಿ ಲಾಕ್ ಒಂದೇ ಕಡೆ. ಮೇಲ್ಗಡೆ ಟಕ್ ಅಂದಿದ್ದು ಕೇಳಿ ಕೂತ್ಕೊಂತು ಅನ್ಕೊಂಡಿದಾನೆ, ಕೆಳಗಡೆ ಲಿವರ್ರೇ ಇಲ್ಲ, ಅಲ್ಲಿ ಹೆಬ್ಬೆರಳಲ್ಲಿ ಬೇರೆಯಾಗಿ ಒತ್ತಬೇಕು.

ಕಪ್ಪುಪರದೆ:
ಬಂತುಉಉಉ!! ಹಳೆ ಕಡ್ಡಿ ಒಂದೇ ಹಾಕಿ ಬ್ಯಾಟರಿ ತೆಗೆದು ಹಾಕಿದೆ, ನಲವತ್ತು ಸೆಕೆಂಡ್ ಕಪ್ಪಗಿತ್ತು, ಎರಡು ಸಲ ತಾನೇ ಆಫ್ ಆಗಿ ಆನ್ ಆಯ್ತು, ನಾನು ಕೈ ಬಿಟ್ಟು ಎದ್ದು ಹೋಗ್ತಿದ್ದೆ, ಅಷ್ಟರಲ್ಲಿ ಬಯೋಸ್ ಪರದೆ. ಆಮೇಲೆ ಹಳೆವೆರಡೂ ಹಾಕ್ದೆ, ಓಕೆ. ಮೂರನೇ ಕಡ್ಡಿ ನಿಜವಾಗ್ಲೂ ಕೂತಿರ್ಲಿಲ್ಲ, ಬೆರಳಲ್ಲಿ ಒತ್ತಿದ್ರೆ ಇನ್ನೊಂದು ಟಕ್ ಅಂತು. ಸುಮ್ನೆಓದೋಳು ಮೇಡಂ ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ.

ಬೀಪ್‌ಕಾಲದವ:
ಆಫ್ ಆನ್ ಆಗಿದ್ದು ಮೆಮೊರಿ ಟ್ರೈನಿಂಗ್. ರ‍್ಯಾಮ್ ಜೊತೆ ಯಾವ ಸ್ಪೀಡಲ್ಲಿ ಮಾತಾಡ್ಬೇಕು ಅಂತ ಬೋರ್ಡ್ ಪ್ರಯತ್ನ ಮಾಡೋದು. ಹೊಸ ತರದ ಡಿಡಿಆರ್5 ರ‍್ಯಾಮ್ ಹಾಕೋ ಬೋರ್ಡಲ್ಲಂತೂ ಮೊದಲ ಸಲ ನಿಮಿಷಗಟ್ಟಲೆ ಕಪ್ಪು ಪರದೆ. ಜನ ಅಷ್ಟರಲ್ಲಿ ಬಟನ್ ಒತ್ತಿ ಆಫ್ ಮಾಡಿ ಮತ್ತೆ ಮೊದಲಿಂದ ಶುರು ಮಾಡಿಸ್ತಾರೆ, ಆಮೇಲೆ ಬೋರ್ಡ್ ಡೆಡ್ ಅಂತ ಬೈತಾರೆ.

ಅರ್ಧರಾತ್ರಿಬಯೋಸ್:
ಈಗ ಬಯೋಸ್. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ನಿಮ್ಮ ಬೋರ್ಡಿನ ಮಾಡೆಲ್ ಹೆಸರು ಅಕ್ಷರ ಅಕ್ಷರ ಹೊಂದಿಸಿ ಫೈಲ್ ಇಳಿಸ್ಕೊಳ್ಳಿ, ಒಂದಕ್ಷರ ಬೇರೆ ಇದ್ರೂ ಅದು ಬೇರೆ ಬೋರ್ಡ್. ಕೆಲವದ್ರಲ್ಲಿ ನೇರ ಕೊನೇ ವರ್ಷನ್‌ಗೆ ಹಾರೋಕಾಗಲ್ಲ, ನಡುವೆ ಒಂದು ವರ್ಷನ್ ಹಾಕಿ ಹೋಗಬೇಕು, ಆ ಪೇಜಲ್ಲೇ ಬರೆದಿರ್ತಾರೆ, ಯಾರೂ ಓದಲ್ಲ. ವಿಂಡೋಸ್ ಒಳಗಿಂದ ಬೇಡ, ಬಯೋಸ್ ಒಳಗಿರೋ ಫ್ಲ್ಯಾಶ್ ಟೂಲಿಂದಲೇ ಮಾಡಿ. ನಡುವೆ ಕರೆಂಟ್ ಹೋಗಬಾರ್ದು, ಯುಪಿಎಸ್ ಇದ್ರೆ ಹಾಕಿ.

ಅದಕ್ಕಿಂತ ಮುಖ್ಯವಾದ್ದು. ವಿಂಡೋಸ್ 11 ಅಲ್ವಾ? ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಇಲ್ಲಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ ಮೊದ್ಲು. ಇದ್ರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರ್ಕೊಳ್ಳಿ.

ಕಪ್ಪುಪರದೆ:
ನಾನು ಬಿಟ್‌ಲಾಕರ್ ಎಲ್ಲ ಆನ್ ಮಾಡೇ ಇಲ್ಲ ಮೇಡಂ.

ಅರ್ಧರಾತ್ರಿಬಯೋಸ್:
ನೀವು ಮಾಡಬೇಕಾಗಿಲ್ಲ. ವಿಂಡೋಸ್ 11ರ 24ಎಚ್2 ವರ್ಷನ್ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೇಲಿ ಲಾಗಿನ್ ಆದ್ರೆ ಎಷ್ಟೋ ಮಷಿನಲ್ಲಿ ತಾನೇ ಆನ್ ಆಗಿರತ್ತೆ. ದಯವಿಟ್ಟು ನೋಡಿ.

ಕಪ್ಪುಪರದೆ:
ನೋಡ್ದೆ. ಆನ್ ಇದೆ. ನನಗೇ ಗೊತ್ತಿಲ್ದೆ. ಕೀ ಖಾತೇಲಿತ್ತು, ಬರ್ಕೊಂಡೆ, ಎರಡು ಕಡೆ.

ತಂತಿಗಂಟು:
ಇವರು ಮಾಡೋತನಕ ನಂದೊಂದು ಕಥಿ ಹೇಳ್ತೀನಿ, ಎಸ್‌ಎಂಪಿಎಸ್ ಅಂತ ಅಷ್ಟ ಮಾತಾಡೀವಿ ಅಂತ. ನಾ ಒಮ್ಮೆ ಹೊಸ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋ ತರದ್ದು) ಎಸ್‌ಎಂಪಿಎಸ್ ತಂದೆ. ಹಳೇ ಕೇಬಲ್ ಎಲ್ಲಾ ಚಂದಗೆ ಹಿಂದ ಕಟ್ಟಿದ್ದೆ, ಬಿಚ್ಚಾಕ ಮನಸ ಬರಲಿಲ್ಲ, ಡಬ್ಬಿ ಅಷ್ಟ ಬದಲಿ ಮಾಡಿ ಹಳೇ ಕೇಬಲ್ ಅದಕ್ಕ ಸಿಗಿಸಿದೆ. ಸರಿಯಾಗಿ ಹೊಂದಿಕೊಂಡ್ವು. ಆನ್ ಮಾಡಿದೆ, ಟಪ್ ಅಂತು, ವಾಸನಿ ಬಂತು, ಎರಡೂ ಹಾರ್ಡ್‌ಡಿಸ್ಕ್ ಹೋದ್ವು. ಡಿಸ್ಕ್ ಕಡೆಯ ಪಿನ್ನಿಗೆ ಸ್ಟ್ಯಾಂಡರ್ಡ್ ಐತಿ, ಎಸ್‌ಎಂಪಿಎಸ್ ಕಡೆಯ ಪಿನ್ನಿಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಕಂಪನಿ ಕಂಪನಿಗೆ ಬ್ಯಾರೆ, ಒಂದ ಕಂಪನಿಯೊಳಗ ಮಾಡೆಲ್ಲಿಗೆ ಬ್ಯಾರೆ ಇರಬಹುದು. 5 ವೋಲ್ಟ್ ಹೋಗೋ ಕಡೆ 12 ವೋಲ್ಟ್ ಹೋತು. ಧೂಳುಫ್ಯಾನ್ ಅವರ ಮಾತು ಕೇಳಿ ಇವರು ಅವಸರದಾಗ ಎಸ್‌ಎಂಪಿಎಸ್ ಬದಲಿ ಮಾಡಿದ್ರ ಇದೂ ಆಗ್ತಿತ್ತು.

ಧೂಳುಫ್ಯಾನ್:
ಕೇಬಲ್ ಸಮೇತ ಬದಲಾಯಿಸು ಅಂತಾನೇ ನನ್ನ ಅರ್ಥ.

ತಂತಿಗಂಟು:
ಹೂಂ, ಈಗ ಹೇಳ್ರಿ.

ಕಪ್ಪುಪರದೆ:
ಬಯೋಸ್ ಅಪ್‌ಡೇಟ್ ಆಯ್ತು, ನಡುವಿನ ವರ್ಷನ್ ಒಂದು ಹಾಕಿ ಆಮೇಲೆ ಕೊನೇದು. ಈ ಸಲ ತಿರುಚಿ ತಿರುಚಿ ಹೀಟ್‌ಸಿಂಕ್ ತೆಗೆದು 5600 ಕೂರ್ಸಿದೆ, ಹೊಸ ಪೇಸ್ಟ್ ಹಾಕ್ದೆ. ಪರದೆ ಬಂತು! ಆದ್ರೆ ಏನೋ ಕೇಳ್ತಿದೆ. ಹೊಸ ಸಿಪಿಯು ಹಾಕಿದೆ, ಎಫ್‌ಟಿಪಿಎಂ ಬದಲಾಗಿದೆ ಇಲ್ಲಾ ಕೆಟ್ಟಿದೆ, ವೈ ಒತ್ತಿದ್ರೆ ರೀಸೆಟ್, ಎನ್ ಒತ್ತಿದ್ರೆ ಹಳೇದೇ ಇರತ್ತೆ ಅಂತ. ಹೆದರಿ ಏನೂ ಒತ್ತಿಲ್ಲ. ಮೊಬೈಲಿಂದ ಟೈಪ್ ಮಾಡ್ತಿದೀನಿ.

ಅರ್ಧರಾತ್ರಿಬಯೋಸ್:
ಕೀ ಬರ್ಕೊಂಡಿದೀರಲ್ಲ, ಧೈರ್ಯವಾಗಿ ವೈ ಒತ್ತಿ. ಡಿಸ್ಕಿನ ಬೀಗದ ಕೈ ಹಳೆ ಪ್ರೊಸೆಸರ್‌ನ ಟಿಪಿಎಂ (ಕೀ ಕಾಪಾಡೋ ಭಾಗ, ಪರದೇಲಿ ಎಫ್‌ಟಿಪಿಎಂ ಅಂದಿದ್ದು ಇದನ್ನೇ) ಜೊತೆ ಗಂಟು ಹಾಕ್ಕೊಂಡಿತ್ತು, ಹೊಸದಕ್ಕೆ ಆ ಗುರುತು ಇಲ್ಲ. ಕೀ ಇಲ್ಲದವರು ಇಲ್ಲಿ ವೈ ಒತ್ತಿಬಿಟ್ರೆ ಡಿಸ್ಕಲ್ಲಿರೋ ಫೋಟೋ, ಫೈಲ್ ಎಲ್ಲ ಅಲ್ಲೇ ಇದ್ದೂ ಇಲ್ಲದಂಗೆ. ಅಂಥವರು ಎನ್ ಒತ್ತಿ, ಹಳೆ ಪ್ರೊಸೆಸರ್ ವಾಪಸ್ ಹಾಕಿ, ಕೀ ತಗೊಂಡು ಬರಬೇಕು.

ನಿದ್ದೆಗೆಟ್ಟವ:
ಕೆಲವರ ವೈರ್‌ಲೆಸ್ ಕೀಬೋರ್ಡ್ ಈ ಪರದೇಲಿ ಕೆಲ್ಸ ಮಾಡಲ್ಲ. ಒತ್ತಿದ್ರೂ ಏನೂ ಆಗ್ತಿಲ್ಲ ಅಂದ್ರೆ ವೈರ್ ಇರೋದು ಹುಡ್ಕು.

ಕಪ್ಪುಪರದೆ:
ವೈ ಒತ್ತಿದೆ. ವಿಂಡೋಸ್ ನೀಲಿ ಪರದೇಲಿ ಕೀ ಕೇಳ್ತು, 48 ಅಂಕಿ ಹೊಡೆದೆ, ಒಳಗೆ ಬಂದೆ. ಸಸ್ಪೆಂಡ್ ಮಾಡೋದು ಮರ್ತಿದ್ದೆ ಅಂತ ಆಮೇಲೆ ನೆನಪಾಯ್ತು, ಬೈಬೇಡಿ. ಬೋರ್ಡೂ ಸರಿ, ಎರಡೂ ಪ್ರೊಸೆಸರೂ ಸರಿ, ಎಸ್‌ಎಂಪಿಎಸ್ಸೂ ಸರಿ (ಧೂಳುಫ್ಯಾನ್ ಅಣ್ಣ ಬೇಜಾರಾಗಬೇಡಿ).

ಧೂಳುಫ್ಯಾನ್:
ಇನ್ನೊಂದು ವರ್ಷ ನೋಡು ಆ ಎಸ್‌ಎಂಪಿಎಸ್‌ನ. ಆಮೇಲೆ ಮಾತಾಡೋಣ.

ಮುಗಿಯದಅಪ್‌ಗ್ರೇಡ್:
ಹಳೆ 2600 ಏನ್ ಮಾಡ್ತೀಯಾ? ಬೇಡ ಅಂದ್ರೆ ನನಗೆ ಹೇಳು.

ಬೀಪ್‌ಕಾಲದವ:
ಎಎಂಡಿ ತಗೊಳಲ್ಲ ಅಂದಿದ್ದು ಯಾರಪ್ಪ ಮೇಲೆ?

ಕಪ್ಪುಪರದೆ:
ಸದ್ಯಕ್ಕೆ ಡ್ರಾಯರಲ್ಲೇ ಇರತ್ತೆ, ಇಂಥ ಹೊತ್ತಲ್ಲಿ ಅದೇ ಕಾಪಾಡಿದ್ದು. ಹೊಸ ರ‍್ಯಾಮ್ ಎರಡೂ ಈಗ ಹಾಕ್ದೆ, 32 ಜಿಬಿ ತೋರಿಸ್ತಿದೆ, ಎಕ್ಸ್‌ಎಂಪಿ ಆಫೇ ಇಟ್ಟಿದೀನಿ. ಆದ್ರೆ ಇನ್ನೊಂದು ಸಮಸ್ಯೆ. ಎಂ.2 ಎಸ್‌ಎಸ್‌ಡಿ ಕಾಣ್ತಿದೆ, ಹಳೆ ಹಾರ್ಡ್‌ಡಿಸ್ಕ್ ಮಾಯ. ತಂತಿಗಂಟು ಅವರ ಕಥೆ ಓದಿದ್ಮೇಲೆ ಕೈಕಾಲು ಆಡ್ತಿಲ್ಲ.

ತಂತಿಗಂಟು:
ಹೆದರಬ್ಯಾಡ್ರಿ, ನೀವು ಕೇಬಲ್ ಬದಲಿ ಮಾಡಿಲ್ಲ. ಯಾವ ಸಾಟಾ ಪೋರ್ಟಿನ್ಯಾಗ (ಬೋರ್ಡಿಗೆ ಡಿಸ್ಕ್ ಕೇಬಲ್ ಸಿಗಿಸೋ ಜಾಗಾ) ಐತಿ ಡಿಸ್ಕ್? ಕೆಲವು ಬೋರ್ಡಿನ್ಯಾಗ ಎಂ.2 ತುಂಬಿದ ಕೂಡ್ಲೆ ಒಂದೋ ಎರಡೋ ಸಾಟಾ ಪೋರ್ಟ್ ಬಂದ್ ಆಕ್ಕಾವು, ಎರಡಕ್ಕೂ ಹೋಗೋ ದಾರಿ ಒಂದ ಇರ್ತೈತಿ. ಮ್ಯಾನ್ಯುಯಲ್ ನೋಡ್ರಿ.

ಕಪ್ಪುಪರದೆ:
ಮ್ಯಾನ್ಯುಯಲಲ್ಲಿ ಹಂಗೇ ಬರೆದಿದೆ, ಸಣ್ಣ ಅಕ್ಷರದಲ್ಲಿ. 5ರಿಂದ ತೆಗೆದು 2ಕ್ಕೆ ಹಾಕ್ದೆ, ಡಿಸ್ಕ್ ಬಂತು. ಈಗ ಎಲ್ಲ ಸರಿ. ಕ್ಯಾಬಿನೆಟ್ ಮುಚ್ಚಳ ಒಂದು ಹಾಕೋದು ಬಾಕಿ.

ನಿದ್ದೆಗೆಟ್ಟವ:
ಇವತ್ತೇ ಹಾಕಬೇಡ. ಸ್ಕ್ರೂ ಬಿಗಿ ಮಾಡಿದ ತಕ್ಷಣ ಕೆಡತ್ತೆ ಅದು.